ಕರಿ ಶಾಯಿ ಕರಿಯಲ್ಲ

ಕೆಲವರ ಮನೆಗೆ ಕರೆಯದೆ ನೆಂಟರು ಬರುತ್ತಾರೆ. ನನ್ನ ನೌಕರಿಗೆ ಕರೆಯದೆ ಪ್ರಸಂಗಗಳು ಬರುತ್ತಿದ್ದವು. ತಪ್ಪು ಪೂರಾ ಅವುಗಳದ್ದಲ್ಲ. ಯಾರಾದರೂ "ಇದು ಆಗಂಗಿಲ್ಲ" ಅಂದರೆ "ಯಾಕ ಆಗಂಗಿಲ್ರಿ?" ಎಂದು ಕೇಳುವ ಚಟ ನನಗೆ ಹುಟ್ಟಿನಿಂದಲೂ ಇದೆ. ಈ ಚಟ ಇದ್ದವರ ಬಾಳಿನಲ್ಲಿ ಪ್ರಸಂಗಗಳಿಗೆ ಬರ ಬಿದ್ದದ್ದನ್ನು ನಾನಂತೂ ಕಂಡಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಖಾನಾಪುರದ ಒಂದು ಸಣ್ಣ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ದಿನಾ ಬೆಳಿಗ್ಗೆ ರೈಲು ಹತ್ತಿ, ದೇಸೂರಿನಲ್ಲಿ ಅದು ಯಾರಿಗೋ ಕಾಯುತ್ತಾ ನಿಂತಾಗ ಮನಸಾರೆ ಬೈದು, ಖಾನಾಪುರ ಸೇರುತ್ತಿದ್ದೆ. ಅಲ್ಲಿ ನನ್ನ ಪ್ರಯೋಗಶಾಲೆ ಅಂದರೆ ಒಂದು ಕೋಣೆ, ಒಂದು ಉದ್ದ ಟೇಬಲ್ಲು, ಬೀಗ ಕಳೆದುಹೋದ ಒಂದು ಕಪಾಟು. ಕಪಾಟಿಗೆ ಬೀಗ ಬೇಕೂ ಇರಲಿಲ್ಲ, ಒಳಗೆ ಕಳುವಾಗುವಂಥದ್ದು ಏನೂ ಇರಲಿಲ್ಲ.

ಸಾಮಾನಿಲ್ಲದ ಪಾಠ

ಆ ವರ್ಷದ ಪಾಠಪಟ್ಟಿಯಲ್ಲಿ ಕ್ರೊಮ್ಯಾಟೊಗ್ರಫಿ ಎಂಬ ಹೊಸ ಪಾಠ ಸೇರಿತ್ತು. ಕೂಡಿಕೊಂಡ ವಸ್ತುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ವಿದ್ಯೆ. ನಾನು ಪ್ರಿನ್ಸಿಪಾಲರ ಹತ್ತಿರ ಹೋಗಿ, ಪ್ರಯೋಗ ಮಾಡಿಸಬೇಕು, ಗಾಜಿನ ಸಾಮಾನು ತರಿಸಿರಿ ಅಂದೆ. ಪ್ರಿನ್ಸಿಪಾಲರು ಇತಿಹಾಸದವರು. ಕೆಟ್ಟ ಮನುಷ್ಯರಲ್ಲ, ಆದರೆ ಹೊಸದು ಯಾವುದು ಬಂದರೂ ಅದು ಹಳೆಯದಾಗುವವರೆಗೆ ಕಾಯಬೇಕು ಎನ್ನುವ ಜಾತಿ. ಅಧ್ಯಾಪಕಿಯೆಂದು ನನ್ನನ್ನು ಊರವರ ಹಾಗೆ ಅವರೂ ಬಾಯಾರ ಎನ್ನುತ್ತಿದ್ದರು.

"ಬಾಯಾರ, ಸಾಮಾನಿಲ್ಲ. ಸಾಮಾನಿಲ್ಲಂದ ಮ್ಯಾಲ ಪ್ರಯೋಗಿಲ್ಲ. ವ್ಯಾಖ್ಯಾ ಬರಸ್ರಿ, ಹುಡುಗ್ರು ಬಾಯಿಪಾಠ ಮಾಡ್ಲಿ, ಮುಗೀತು" ಅಂದರು.

"ಹಂಗ ಮುಗಿಸಿದ್ರ ವರ್ಷದ ಕೊನಿಗೆ ಸಮಿತಿ ಬಂದಾಗ ಏನ್ ತೋರ್ಸೂದ್ರಿ ಸರ್?"

 ವಿಷಯ ಅವರಿಗೂ ಗೊತ್ತಿತ್ತು. ವರ್ಷದ ಕೊನೆಗೆ ಬೆಳಗಾವಿಯಿಂದ ಒಂದು ಸಮಿತಿ ಬರುವುದಿತ್ತು. ಇಲ್ಲಿ ಪ್ರಯೋಗ ಸರಿಯಾಗಿ ನಡೆಯುತ್ತಿಲ್ಲ ಎಂದು ಅದು ಹೇಳಿಬಿಟ್ಟರೆ ಖಾನಾಪುರದ ವಿಜ್ಞಾನ ವಿಭಾಗದ ಬಾಗಿಲು ಮುಚ್ಚಿದಂತೆ. ಗಂಡುಹುಡುಗರು ರೈಲು ಹತ್ತಿ ಬೆಳಗಾವಿಗೆ ಹೋಗಿ ಓದಿಯಾರು. ಹೆಣ್ಣುಹುಡುಗಿಯರು ಎಲ್ಲಿಗೆ ಹೋಗಬೇಕು? ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿಯ ಅಪ್ಪನಿಗೆ ಊರಲ್ಲಿ ಹೆಂಚಿನ ಭಟ್ಟಿ ಇತ್ತು. ಆತ ನನ್ನೆದುರಿಗೇ ಹೇಳಿದ್ದ: "ಖಾನಾಪುರದಾಗ ಸೈನ್ಸ್ ಇರೂತನಾ ಕಲೀಲಿ ಬಾಯಾರ. ಬೆಳಗಾವಿಗೆ ಕಳಸೂದಂದ್ರ ಲಗ್ನಾ ಮಾಡೇ ಕಳಸ್ತೇನಿ." ವರನನ್ನೂ ನೋಡಿಟ್ಟಿದ್ದ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅವತ್ತಿನಿಂದ ಈ ಪಾಠ ನನಗೆ ಪಾಠವಾಗಿ ಉಳಿಯಲಿಲ್ಲ, ಹಟವಾಯಿತು.

ಪ್ರಿನ್ಸಿಪಾಲರ ಟೇಬಲ್ಲಿನ ಮೇಲೆ ಶಾಯಿ ಹೀರಿಸುವ ಟೀಪಕಾಗದದ ಕಟ್ಟು ಇತ್ತು. ಅವರು ನೋಡುತ್ತಿದ್ದಂತೆ ಅದರಿಂದ ಒಂದು ಹಾಳೆ ಹರಿದುಕೊಂಡೆ. ಬೆರಳಗಲ ಪಟ್ಟಿ ಮಾಡಿದೆ. ಅವರದೇ ದೌತಿಯಿಂದ ಒಂದು ಹನಿ ಕರಿ ಶಾಯಿ ತೆಗೆದು ಪಟ್ಟಿಯ ಕೆಳತುದಿಗಿಂತ ಸ್ವಲ್ಪ ಮೇಲೆ ಇಟ್ಟೆ. ತುದಿಯನ್ನಷ್ಟೇ ಅವರು ಕುಡಿಯುವ ನೀರಿನ ಗ್ಲಾಸಿನಲ್ಲಿ ಇಳಿಬಿಟ್ಟೆ. ನೀರು ಕಾಗದ ಹಿಡಿದು ಮೇಲೇರಿತು. ಶಾಯಿಯ ಹನಿಯನ್ನು ಮುಟ್ಟಿದ್ದೇ ತಡ, ಅದರಿಂದ ನೀಲಿ ಓಡಿತು, ಅದರ ಹಿಂದೆ ನೇರಳೆ ನಡೆಯಿತು, ಎಲ್ಲಕ್ಕೂ ಕೆಳಗೆ ಹಳದಿ ಆಲಸಿಯ ಹಾಗೆ ಕುಳಿತುಕೊಂಡಿತು. ಕರಿ ಎನ್ನುವುದೇ ಉಳಿಯಲಿಲ್ಲ.

"ಇಷ್ಟ ಸಾಮಾನ ಸಾಕ್ರಿ ಸರ್" ಅಂದೆ.

ಪ್ರಿನ್ಸಿಪಾಲರು ಗ್ಲಾಸನ್ನೂ ಪಟ್ಟಿಯನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಸಿಪಾಯಿಯನ್ನು ಕೂಗಿದರು. "ಏ, ನಂಗ ಬ್ಯಾರೆ ನೀರ ತಾರೋ. ಇವು ವಿಜ್ಞಾನ ಆಗ್ಯಾವ."

ಊರು ಬಿಟ್ಟ ಗೆರೆ

ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಒಪ್ಪಿಗೆಯ ಜೊತೆ ಒಂದು ಕಟ್ಟಳೆಯೂ ಬಂತು.

ಪಟ್ಟಿಯ ಮೇಲೆ ಹನಿ ಇಡುವ ಮೊದಲು ಒಂದು ಗೆರೆ ಎಳೆಯಬೇಕು, ಎಲ್ಲ ಬಣ್ಣಗಳೂ ಅಲ್ಲಿಂದಲೇ ಹೊರಡುತ್ತವೆ ಎಂದು ಗುರುತಿಗೆ. ನಾನು ಹುಡುಗ ಹುಡುಗಿಯರಿಗೆ ಪೆನ್ಸಿಲ್ ತರಲು ಹೇಳಿದ್ದೆ. ಅಷ್ಟರಲ್ಲಿ ಪ್ರಿನ್ಸಿಪಾಲರು ಒಳಗೆ ಬಂದರು.

"ಪೆನ್ಸಿಲ್ಲೇನ್ರಿ ಬಾಯಾರ? ಇದೇನ್ ಬಾಲವಾಡಿ ಏನು? ನಮ್ಮ ಕಾಲೇಜಿನ್ಯಾಗ ಯಾವ ಕಾಗದದ ಮ್ಯಾಲೂ ಪೆನ್ಸಿಲ್ ನಡ್ಯಂಗಿಲ್ಲ. ನಾಳೆ ಯಾರರ ಅಳಿಸಿದ್ರ ಯಾರ ಜವಾಬ್ದಾರಿ?"

"ಸರ್, ಪೆನ್ನಿನ ಗೆರಿ ನಿಂದ್ರಂಗಿಲ್ರಿ."

"ನಲವತ್ತ ವರ್ಷದ ಹಿಂದ ನಾ ಹಾಕಿದ ಸಹಿ ಇನ್ನಾ ನಿಂತಾವು. ನನ್ನ ಗೆರಿ ನಿಂದ್ರಂಗಿಲ್ಲಂತ ನೀವು ಹೇಳ್ತೀರಿ?"

ತಿಳಿಯಹೇಳುವವರಿಗೆ ಹೇಳಬಹುದು, ನಲವತ್ತು ವರ್ಷದ ಸಹಿಗೆ ಏನು ಹೇಳುವುದು? ಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ಅವರು ತಮ್ಮ ಫೌಂಟನ್ ಪೆನ್ನಿನಿಂದ, ಅಳತೆಕೋಲು ಇಟ್ಟು, ಬಹಳ ಚೊಕ್ಕ ಗೆರೆಯೊಂದನ್ನು ಎಳೆದರು. ಅದರ ಮೇಲೆ ಹನಿ ಇಟ್ಟು, ನೀರಿಗೆ ಇಳಿಬಿಟ್ಟು, ಎಲ್ಲರೂ ಸುತ್ತ ನಿಂತು ನೋಡಿದೆವು.

ನೀರು ಬಂತು. ಹನಿಗಿಂತ ಮೊದಲು ಗೆರೆಯೇ ಹೊರಟಿತು. ನೀಲಿ ಪರದೆಯಾಗಿ ಮೇಲೇರಿ, ಹನಿಯ ಬಣ್ಣ ಯಾವುದು, ಗೆರೆಯ ಬಣ್ಣ ಯಾವುದು ತಿಳಿಯದಂತೆ ಪಟ್ಟಿಯೆಲ್ಲ ಕಲಸಿಬಿಟ್ಟಿತು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ಗೆರಿ ಎಲ್ಲಿ ಹೋತು?"

ಹೆಂಚಿನ ಭಟ್ಟಿಯವರ ಮಗಳು ಬಹಳ ಮರ್ಯಾದೆಯಿಂದ ಅಂದಳು: "ಸರ್, ನಿಮ್ಮ ಗೆರಿ ಊರ ಬಿಟ್ಟು ಹೋತ್ರಿ."

ಅವಳೂ ಆ ದಿನ ನನ್ನಿಂದ ಬೈಸಿಕೊಂಡಳು. ಪಟ್ಟಿಯನ್ನು ನೀರಿನಿಂದ ತೆಗೆದ ಕೂಡಲೇ, ನೀರು ಎಲ್ಲಿಯವರೆಗೆ ಏರಿದೆ ಎಂದು ಇನ್ನೊಂದು ಪೆನ್ಸಿಲ್ ಗೆರೆ ಹಾಕಬೇಕು. ಕಾಗದ ಒಣಗಿದ ಮೇಲೆ ನೀರಿನ ಗಡಿ ಕಾಣುವುದಿಲ್ಲ, ಮಾಡಿದ್ದೆಲ್ಲ ಹೊಳೆಗೆ ಹೋದ ಹಾಗೆ. ಬಣ್ಣ ನಡೆದ ದೂರವನ್ನು ನೀರು ನಡೆದ ದೂರದಿಂದ ಭಾಗಿಸಿದರೆ ಬರುವ ಲೆಕ್ಕವೇ ಆ ಬಣ್ಣದ ಗುರುತು. ಅವಳು ಬಣ್ಣಗಳನ್ನು ನೋಡುತ್ತಾ ಮೈಮರೆತು ಗೆರೆ ಹಾಕಲಿಲ್ಲ. ನಾನು ಕೂಗಾಡಿದೆ: "ಮನಿಗೆ ಬೆಂಕಿ ಬಿದ್ರೂ ಮೊದಲ ಗೆರಿ ಹಾಕು, ಆಮ್ಯಾಲ ಓಡು! ಪಟ್ಟಿ ಒಣಗಿದ ಮ್ಯಾಲ ಪ್ರಯೋಗದ ಜರ್ನಲ್‌ಗೆ ಅಂಟಿಸು. ಅಂಟಿಸದ ಪ್ರಯೋಗ ನಾ ನೋಡಂಗಿಲ್ಲ."

ಅವಳು ಹೂಂ ಅಂದಳು. ನಾನು ಹೇಳಿದ್ದನ್ನು ಆ ಹುಡುಗಿ ಎಷ್ಟು ಖರೇ ಎಂದು ನಂಬಿದಳೆಂಬುದು ಮುಂದೆ ತಿಳಿಯಿತು.

ಅಂಟಿಕೊಳ್ಳುವ ವಸ್ತು

ಎಲ್ಲ ಬಣ್ಣವೂ ಒಂದೇ ಗೆರೆಯಿಂದ ಹೊರಟು ಬೇರೆ ಬೇರೆ ಕಡೆ ಯಾಕೆ ನಿಲ್ಲುತ್ತವೆ? ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಅದೇ. ಕಾಗದ ತನ್ನ ಕಡೆ ಹಿಡಿಯುತ್ತದೆ, ನೀರು ತನ್ನ ಕಡೆ ಎಳೆಯುತ್ತದೆ. ಕಾಗದದ ಮೇಲೆ ಮೋಹ ಹೆಚ್ಚಿದ್ದ ಬಣ್ಣ ಹಿಂದೆ ಉಳಿಯುತ್ತದೆ, ನೀರಿನ ಮೇಲೆ ಮೋಹ ಹೆಚ್ಚಿದ್ದದ್ದು ಮುಂದೆ ಹೋಗುತ್ತದೆ.

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ನಿಲ್ಲಿಸಲಿಲ್ಲ. ವರ್ಗಕ್ಕೆಲ್ಲ ಚೆನ್ನಾಗಿ ತಿಳಿಯಲೆಂದು ನಮ್ಮ ಅತ್ತೆಯವರನ್ನು ಪಾಠದೊಳಗೆ ತಂದೆ. "ನಾನು ನಮ್ಮ ಅತ್ಯಾರು ರವಿವಾರ ಪೇಟಿಯ ಈ ತುದಿಯಿಂದ ಕೂಡೇ ಹೊರಡ್ತೇವಿ ಅಂತ ತಿಳೀರಿ. ನಾ ಸೀದಾ ನಡಕೋತ ಆ ತುದಿ ಮುಟ್ಟತೇನಿ. ಅವರು ಬೆಲ್ಲದ ಅಂಗಡಿ ಮುಂದ ನಿಂತು, ಮೆಣಸಿನಕಾಯಿ ಅಂಗಡಿ ಮುಂದ ಕುಂತು, ಬ್ಯಾಳಿ ಅಂಗಡಿಯಾಂವನ ಮಗಳ ಬಾಣಂತನ ವಿಚಾರಿಸಿ, ಅರ್ಧಾ ಪೇಟಿಯೊಳಗ ಇರ್ತಾರ. ಹೊರಟದ್ದು ಕೂಡೇ, ಆದ್ರ ಬ್ಯಾರೆ ಬ್ಯಾರೆ ಆದ್ವಿ. ಇದ ಕ್ರೊಮ್ಯಾಟೊಗ್ರಫಿ."

ಎಲ್ಲರೂ ನಕ್ಕರು, ತಿಳಿಯಿತು ಅಂದರು. ಆರು ತಿಂಗಳ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮನೆಗೆ ತಂದು ತಿದ್ದುವಾಗ ಎಷ್ಟು ತಿಳಿದಿದೆ ಎಂದು ನನಗೂ ತಿಳಿಯಿತು. ಒಬ್ಬಳು ಬರೆದಿದ್ದಳು: "ಕಾಗದವೆಂದರೆ ರವಿವಾರ ಪೇಟೆ. ನೀರು ಎಂದರೆ ಮನೆಗೆ ಹೋಗುವ ಅವಸರ. ಮಿಶ್ರಣದಲ್ಲಿ ಎರಡು ಘಟಕಗಳಿವೆ, ಮೇಡಂ ಮತ್ತು ಅತ್ತೆ. ಅತ್ತೆಯು ಅಂಟಿಕೊಳ್ಳುವ ವಸ್ತು. ಅವಸರ ಎಷ್ಟು ಹೆಚ್ಚಿಸಿದರೂ ಅತ್ತೆಯು ಬೇಗ ಚಲಿಸುವುದಿಲ್ಲ."

ತತ್ತ್ವದಲ್ಲಿ ಒಂದು ತಪ್ಪೂ ಇರಲಿಲ್ಲ. ಪೂರ್ತಿ ಅಂಕ ಕೊಟ್ಟೆ. ನಗು ತಡೆಯಲಾಗದೆ ಗಂಡನಿಗೆ ಗಟ್ಟಿಯಾಗಿ ಓದಿಯೂ ಹೇಳಿದೆ. ಒಳಗೆ ಒಗ್ಗರಣೆಯ ಸದ್ದು ನಿಂತದ್ದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಅತ್ತೆಯವರು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಹೌದ, ಅಂಟಿಕೊಂಡೇನಿ" ಅಂದರು. "ಅಂಟಿಕೊಂಡಿದ್ದಕ್ಕ ಬೆಲ್ಲ ಸೋವಿ ಸಿಕ್ತು, ಬ್ಯಾಳಿ ಚೊಕ್ಕದು ಸಿಕ್ತು, ಆ ಹುಡಿಗೀಗೆ ಗಂಡು ಹುಟ್ಟೇತಿ ಅಂತ ತಿಳೀತು. ನೀ ಸೀದಾ ಓಡಿ ಆ ತುದಿ ಮುಟ್ಟಿದೆಲ್ಲಾ, ಏನ ತಂದಿ? ಖಾಲಿ ಚೀಲಾ!"

ಅವತ್ತಿನಿಂದ ಹಿಂದೆ ಉಳಿಯುವ ಬಣ್ಣಗಳ ಬಗ್ಗೆ ನಾನು ಮರ್ಯಾದೆಯಿಂದ ಮಾತಾಡುತ್ತೇನೆ.

ಯಾವ ಪಕ್ಷದ ಬಾವುಟ?

ಚಳಿಗಾಲ ಬರುವಷ್ಟರಲ್ಲಿ ಪ್ರಿನ್ಸಿಪಾಲರ ಟೀಪಕಾಗದದ ಕಟ್ಟು ತೆಳ್ಳಗಾಯಿತು. ಅವರು ಅದನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. "ಆಫೀಸಿನ ಟೀಪಕಾಗದ ಆಫೀಸಿಗೆ" ಅಂದರು. ಜನಿವಾರಕ್ಕೆ ಕೈ ಹಾಕುವಷ್ಟು ನನ್ನ ಹಟ ಇನ್ನೂ ಬೆಳೆದಿರಲಿಲ್ಲ.

ಮನೆಗೆ ಬಂದು ಮುಖ ಊದಿಸಿಕೊಂಡು ಕುಳಿತೆ. ಬೆಲ್ಲದ ಜಗಳ ಆಗಷ್ಟೇ ಆರಿದ್ದ ಅತ್ತೆಯವರು, "ಕಾಗದಾನ ಯಾಕ ಬೇಕು? ಅರಿವಿ ನೀರ ಹೀರಂಗಿಲ್ಲೇನು?" ಎಂದು ಕೇಳಿದರು. ಖರೇ ಅನ್ನಿ. ಹತ್ತಿಯ ಬಟ್ಟೆಯೂ ಕಾಗದದ ಸೋದರಸಂಬಂಧಿಯೇ. ಅವರು ಟ್ರಂಕಿನಿಂದ ತೀರಿಹೋದ ಮಾವನವರ ಹಳೆಯ ಧೋತ್ರವೊಂದನ್ನು ತೆಗೆದು ನನ್ನ ಮುಂದಿಟ್ಟರು. ನಾನು ಹಿಂದುಮುಂದು ನೋಡಿದೆ.

"ಕತ್ತರಿಸವಾ. ಇದ್ದಾಗಂತೂ ಅವರು ಕಾಲೇಜಿನ ಮಾರಿ ನೋಡಲಿಲ್ಲ. ಅವರ ಧೋತ್ರಾರ ನೋಡ್ಲಿ."

ಧೋತ್ರವನ್ನು ಪಟ್ಟಿ ಪಟ್ಟಿ ಮಾಡಿ ಶಾಯಿಯ ಹನಿ ಇಟ್ಟು ಪರೀಕ್ಷಿಸಿದೆ. ಬಣ್ಣಗಳು ಕಾಗದದಲ್ಲಿ ಬಿಡುವಷ್ಟು ಚೊಕ್ಕವಾಗಿ ಅಲ್ಲದಿದ್ದರೂ ಬಿಟ್ಟವು. ಒಣಗಲೆಂದು ಮನೆಯ ಮುಂದಿನ ತಂತಿಗೆ ಸಾಲಾಗಿ ತೂಗುಹಾಕಿದೆ. ಮೇಲೆ ನೀಲಿ, ನಡುವೆ ನೇರಳೆ, ಕೆಳಗೆ ಹಳದಿ.

ಆಗ ಚುನಾವಣೆಯ ಗದ್ದಲ. ಹಿಂದವಾಡಿಯ ಗೋಡೆಗಳಲ್ಲಿ ಜಾಗ ಉಳಿದಿರಲಿಲ್ಲ. ಬಾಜು ಮನೆಯ ನಿವೃತ್ತ ಗುಮಾಸ್ತರು ಗೇಟಿನ ಹತ್ತಿರ ನಿಂತು ತಂತಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅವರಿಗೆ ಎಲ್ಲ ಪಕ್ಷದ ಬಾವುಟವೂ ಗೊತ್ತು, ಇದೊಂದು ಗೊತ್ತಿಲ್ಲ.

"ಏನ್ರಿ ಅಕ್ಕಾರ, ಇದ್ಯಾವ ಹೊಸಾ ಪಕ್ಷಾರಿ?"

ಅತ್ತೆಯವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು: "ಹೊಸಾದೇನಲ್ರಿ. ಎಲ್ಲಾರೂ ಒಂದ ದೌತ್ಯಾಗಿಂದ ಹೊಂಟು, ಮ್ಯಾಲ ಏರಿದಂಗ ಬ್ಯಾರೆ ಬ್ಯಾರೆ ಆಗ್ತಾರಲ್ಲಾ, ಆ ಪಕ್ಷಾರಿ."

ಗುಮಾಸ್ತರು ಅಂದರು: "ಹಂಗಾರ ನಮ್ಮದ ಪಕ್ಷ ಅದು. ಬಾವುಟ ಯಾವಾಗ ಬದಲ ಮಾಡಿದ್ರು?"

ಹೊಡೆಯದ ಗಂಟೆ

ನಮ್ಮ ಕಾಲೇಜಿನ ಗಂಟೆ ಎಂದರೆ ರೈಲು ಹಳಿಯ ಒಂದು ತುಂಡು. ಅದನ್ನು ಪ್ರಯೋಗಶಾಲೆಯ ಕಿಟಕಿಯ ಸರಳಿಗೇ ಕಟ್ಟಿದ್ದರು. ಸಿಪಾಯಿ ಸುತ್ತಿಗೆಯಿಂದ ಬಡಿದರೆ ಕಿಟಕಿ ನಡುಗಿ, ಕಿಟಕಿಗೆ ಒತ್ತಿಕೊಂಡ ನನ್ನ ಟೇಬಲ್ಲು ನಡುಗಿ, ಟೇಬಲ್ಲಿನ ಮೇಲಿನ ನೀರು ತುಳುಕುತ್ತಿತ್ತು. ನೀರು ತುಳುಕಿ ಹನಿಯನ್ನು ಮುಳುಗಿಸಿದರೆ ಶಾಯಿ ಮೇಲೆ ಏರುವ ಬದಲು ನೀರಿನಲ್ಲೇ ಕರಗಿಹೋಗುತ್ತದೆ. ನಮ್ಮ ಎಷ್ಟೋ ಪ್ರಯೋಗಗಳು ಹೀಗೆ ಗಂಟೆಗೆ ಬಲಿಯಾಗಿದ್ದವು.

ಸಿಪಾಯಿಗೆ ಒಂದು ದಿನ ಕಟ್ಟುನಿಟ್ಟಾಗಿ ಹೇಳಿದೆ. "ನೋಡಪಾ, ಬಣ್ಣ ಏರಾಕತ್ತಾವ. ಅವು ಮ್ಯಾಲ ಮುಟ್ಟೂತನಾ ಯಾರೂ ಟೇಬಲ್ ಅಲ್ಲಾಡಸಬಾರದು. ಪ್ರಿನ್ಸಿಪಾಲರು ಬಂದ್ರೂ ಬಿಡಬ್ಯಾಡ."

ಹೇಳಿ ನಾನು ಬೇರೆ ವರ್ಗಕ್ಕೆ ಹೋದೆ. ಪಾಠ ಮಾಡಿದೆ, ಮಾಡಿದೆ, ಮಾಡುತ್ತಲೇ ಇದ್ದೆ. ಗಂಟೆ ಆಗಲಿಲ್ಲ. ಬಾಜು ಕೋಣೆಯಲ್ಲಿ ಪ್ರಿನ್ಸಿಪಾಲರು ಇತಿಹಾಸ ಹೇಳುತ್ತಿದ್ದರು. ಅವರ ಯುದ್ಧ ಮುಗಿಯಿತು, ಒಪ್ಪಂದ ಮುಗಿಯಿತು, ಒಪ್ಪಂದದ ಪರಿಣಾಮಗಳೂ ಮುಗಿದವು. ಗಂಟೆ ಆಗದಿದ್ದಕ್ಕೆ ಅವರು ಅದೇ ಯುದ್ಧವನ್ನು ಮತ್ತೊಮ್ಮೆ ಶುರುಮಾಡಿದ್ದು ಗೋಡೆಯಾಚೆಯಿಂದ ಕೇಳಿಸಿತು. ಎರಡನೇ ಸಲವೂ ಸೋತವರೇ ಸೋತರು.

ಕೊನೆಗೆ ಗಂಟಲು ಬಿದ್ದ ಪ್ರಿನ್ಸಿಪಾಲರು ಹೊರಗೆ ಬಂದರು. ಅವರ ಹಿಂದೆ ನಾವೆಲ್ಲ. ಸಿಪಾಯಿ ಸುತ್ತಿಗೆಯನ್ನು ಎದೆಗೆ ಅವಚಿಕೊಂಡು ಟೇಬಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಕಣ್ಣು ಮಿಟುಕಿಸದೆ ಪಟ್ಟಿಗಳನ್ನು ನೋಡುತ್ತಿದ್ದ.

"ಯಾಕೋ, ಗಂಟಿ ಯಾಕ ಹೊಡಿಲಿಲ್ಲ?" ಪ್ರಿನ್ಸಿಪಾಲರು ಅರಚಿದರು.

ಸಿಪಾಯಿ ತುಟಿಗೆ ಬೆರಳಿಟ್ಟ. "ಸಾವಕಾಶ ಮಾತಾಡ್ರಿ ಸರ್. ನೀಲಿ ಮುಟ್ಟೇತ್ರಿ. ಹಳದಿ ಇನ್ನಾ ದೇಸೂರದಾಗ ಐತಿ."

ಶುದ್ಧ ಕರಿ

ವರ್ಷದ ಕೊನೆಗೆ ಸಮಿತಿ ಬಂತು. ಸಮಿತಿ ಅಂದರೆ ಹೆಸರಿಗೆ ನಾಲ್ಕಾರು ಜನ, ಮಾತಿಗೆ ಒಬ್ಬರೇ, ಅದರ ಅಧ್ಯಕ್ಷರು. ಬೆಳಗಾವಿಯ ದೊಡ್ಡ ಮನುಷ್ಯರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಲಿನಂಥ ಧೋತ್ರ, ಅದರ ನಿರಿಗೆಗಳು ನೆಲ ಮುಟ್ಟುವಷ್ಟು ಉದ್ದ. ಕಿಸೆಯಲ್ಲಿ ದಪ್ಪ ಫೌಂಟನ್ ಪೆನ್ನು. ಖಾನಾಪುರದ ವಿಭಾಗ ಮುಚ್ಚಬೇಕೆಂದು ಅವರು ರೈಲು ಹತ್ತುವ ಮೊದಲೇ ನಿಶ್ಚಯಿಸಿದ್ದರು ಎಂಬುದು ಅವರು ಬಾಗಿಲಲ್ಲಿ ನಿಂತು ಕೋಣೆ ನೋಡಿದ ರೀತಿಯಲ್ಲೇ ತಿಳಿಯುತ್ತಿತ್ತು.

ಗಾಜಿನ ಪಾತ್ರೆ ಸಾಲದ್ದಕ್ಕೆ ನಾವು ಟೇಬಲ್ಲಿನ ಮೇಲೆ ಹಿಟ್ಟು ಕಲಸುವ ಒಂದು ಅಗಲವಾದ ಪರಾತವಿಟ್ಟು, ನೀರು ತುಂಬಿ, ಮೇಲೆ ಹಗ್ಗ ಕಟ್ಟಿ, ಎಲ್ಲರ ಪಟ್ಟಿಗಳನ್ನೂ ಅದರಲ್ಲಿ ಇಳಿಬಿಟ್ಟಿದ್ದೆವು. ಹಳಿಗಂಟೆಗೆ ಆ ದಿನ ರಜೆ. ನೀರು ಇನ್ನೇನು ಹನಿಗಳನ್ನು ಮುಟ್ಟಬೇಕು, ಅಧ್ಯಕ್ಷರು ಕೇಳಿದರು: "ಏನಿದು? ಮದವಿಮನಿ ಪರಾತ!"

"ಕ್ರೊಮ್ಯಾಟೊಗ್ರಫಿರಿ. ಕರಿ ಶಾಯಿಯೊಳಗಿನ ಬಣ್ಣ ಬಿಡಸಿ ತೋರಸ್ತಾರ್ರಿ."

"ಕರಿಯೊಳಗ ಬಣ್ಣ? ನಾನೂ ವಿಜ್ಞಾನ ಓದಿದಾಂವನ ಬಾಯಾರ. ನಿಮ್ಮ ಸೋವಿ ಶಾಯಿಯೊಳಗ ಏನರ ಕಲಬೆರಕಿ ಇರಬಹುದು." ಕಿಸೆಯ ಪೆನ್ನು ತೆಗೆದು ತೋರಿಸಿದರು. "ಇದು ಶುದ್ಧ ಕರಿ. ಇದರಾಗ ಕರಿ ಬಿಟ್ಟು ಏನೂ ಇಲ್ಲ."

"ಒಂದ ಹನಿ ಕೊಡ್ರಿ ಸರ್, ನೋಡೂಣು" ಅಂದೆ.

"ಈ ಪರಾತಕ್ಕ ನನ್ನ ಶಾಯಿ ಕೊಡಂಗಿಲ್ಲ" ಅಂದರು.

ಅಷ್ಟರಲ್ಲಿ ಉಪ್ಪಿಟ್ಟು ಚಹಾ ಬಂತು. ಇಡಲು ಜಾಗವಿಲ್ಲ. ಇದ್ದದ್ದು ಅದೊಂದೇ ಟೇಬಲ್ಲು. ಅಧ್ಯಕ್ಷರು ಕುರ್ಚಿ ಎಳೆದು ಕುಳಿತು, "ಇದನ್ನೆಲ್ಲಾ ತಗೀರಿ ಮೊದಲ" ಅಂದರು. ನಾನು ಬೇಡ ಅಂದೆ. ಪ್ರಿನ್ಸಿಪಾಲರು ಕಣ್ಣಲ್ಲೇ ಕೈಮುಗಿದರು. ಸಿಪಾಯಿ ಅಳುಮೋರೆ ಮಾಡಿ ಹಗ್ಗ ಬಿಚ್ಚಿದ. ಪಟ್ಟಿಗಳು ನೀರೊಳಗೆ ಬಿದ್ದು ಒಂದರ ಮೇಲೊಂದು ಅಂಟಿಕೊಂಡವು. ಅವನ್ನು ಹಿಂಡಿ ಎಸೆದು, ಪರಾತಕ್ಕೆ ಚೊಕ್ಕ ನೀರು ಹಾಕಿ, ಮತ್ತೆ ಬೇಕಾದೀತು ಎಂದು ಅಧ್ಯಕ್ಷರ ಕುರ್ಚಿಯ ಪಕ್ಕ ನೆಲದ ಮೇಲಿಟ್ಟ.

ಅಧ್ಯಕ್ಷರು ಉಪ್ಪಿಟ್ಟು ತಿಂದರು. ಬಶಿಗೆ ಚಹಾ ಸುರಿದುಕೊಂಡು ಕುಡಿದರು. ಬಾಯಿ ಒರೆಸಿಕೊಂಡು, "ಇಲ್ಲೇ ಪ್ರಯೋಗ ಏನೂ ನಡದಿಲ್ಲ ಅಂತ ಬರೀಬೇಕಾಗ್ತದ" ಅಂದರು.

ನನ್ನ ಮೈ ಉರಿದುಹೋಯಿತು. ನಡೆಯುತ್ತಿದ್ದದ್ದನ್ನು ಉಪ್ಪಿಟ್ಟಿಗಾಗಿ ಕೆಡಿಸಿ, ನಡೆದಿಲ್ಲ ಎಂದು ಬರೆಯುವುದು! "ಬರೀರಿ ಸರ್" ಅಂದೆ. "ಬಾಜೂಕ ಇದನ್ನೂ ಬರೀರಿ, ಟೇಬಲ್ ನಿಮಗ ಬೇಕಾಗಿತ್ತು ಅಂತ." ಪ್ರಿನ್ಸಿಪಾಲರು ಕೆಮ್ಮಿದರು. ಮುಂದಿನ ಬೆಂಚಿನ ಹುಡುಗಿ ಅಳದೆ ನಿಂತಿದ್ದಳು, ಅದನ್ನೇ ನನಗೆ ನೋಡಲಾಗಲಿಲ್ಲ.

ಅಧ್ಯಕ್ಷರು ಪೆನ್ನು ತೆರೆದರು. ಶಾಯಿ ಇಳಿಯಲಿಲ್ಲ. ಆ ಕಾಲದಲ್ಲಿ ಪೆನ್ನು ಹಿಡಿದವರೆಲ್ಲರೂ ಮಾಡುತ್ತಿದ್ದದ್ದನ್ನೇ ಅವರೂ ಮಾಡಿದರು, ಕುರ್ಚಿಯ ಪಕ್ಕಕ್ಕೆ ಕೈ ಇಳಿಬಿಟ್ಟು ಎರಡು ಸಲ ಝಾಡಿಸಿದರು. ಶುದ್ಧ ಕರಿಯ ದಪ್ಪ ಹನಿಯೊಂದು ಅವರ ಧೋತ್ರದ ನಿರಿಗೆಯ ಮೇಲೆ, ಅಂಚಿಗಿಂತ ಎರಡು ಬೆರಳು ಎತ್ತರದಲ್ಲಿ, ನಾವು ಎಷ್ಟು ಜತನದಿಂದ ಇಟ್ಟರೂ ಬಾರದಷ್ಟು ಗುಂಡಗೆ ಕುಳಿತಿತು. ಝಾಡಿಸಲು ಪಕ್ಕಕ್ಕೆ ವಾಲಿದಾಗ ನಿರಿಗೆಯ ಅಂಚು ಜಾರಿ ಪರಾತದ ನೀರಿನಲ್ಲಿ ಇಳಿದಿತ್ತು.

ಅವರಿಗೆ ಗೊತ್ತಾಗಲಿಲ್ಲ. ಅವರು ಬರೆಯುವ ಮೊದಲು ಭಾಷಣ ಶುರುಮಾಡಿದ್ದರು. ವಿಜ್ಞಾನ ಎಂದರೆ ಗಾಜು, ವಿಜ್ಞಾನ ಎಂದರೆ ಕಟ್ಟಡ, ವಿಜ್ಞಾನ ಎಂದರೆ ಬೆಳಗಾವಿ. ಹೆಣ್ಣುಮಕ್ಕಳಿಗೆ ಬೇರೆ ವಿಷಯಗಳಿವೆ. ಇತ್ತ ನೀರು ಗಂಜಿಯ ಧೋತ್ರ ಹಿಡಿದು ಸಾವಕಾಶವಾಗಿ ಏರುತ್ತಿತ್ತು. ಹನಿಯನ್ನು ಮುಟ್ಟಿತು. ಹನಿಯ ನೆತ್ತಿಯಿಂದ ನೀಲಿ ಇಣುಕಿತು.

ನಾನು ಹೇಳಬಹುದಿತ್ತು. ಹೇಳಲಿಲ್ಲ. ಪ್ರಯೋಗ ನಡೆಯುವಾಗ ಅಲ್ಲಾಡಿಸಬಾರದು ಎಂದು ಕಲಿಸಿದವಳೇ ನಾನು. ವರ್ಗವೆಲ್ಲ ನೋಡುತ್ತಿತ್ತು. ಪ್ರಿನ್ಸಿಪಾಲರೂ ನೋಡಿದರು, ನನ್ನ ಮುಖ ನೋಡಿದರು, ಬಾಯಿ ತೆರೆದವರು ಮುಚ್ಚಿಕೊಂಡರು. ಅಷ್ಟೇ ಅಲ್ಲ, ಭಾಷಣ ನಿಲ್ಲುವಂತಾದಾಗ, "ಗಾಜಿನ ಬಗ್ಗೆ ಇನ್ನೊಂದೀಟ ಹೇಳ್ರಿ ಸರ್" ಅಂದರು. ಆ ಒಂದು ಮಾತಿಗೆ ನಾನು ಅವರ ಬೀಗ ಹಾಕಿದ ಟೀಪಕಾಗದವನ್ನೆಲ್ಲ ಕ್ಷಮಿಸಿದೆ.

ಗಾಜು ಮುಗಿಯಿತು. ನೀಲಿ ಮೇಲೆ, ನೇರಳೆ ನಡುವೆ, ಹಳದಿ ಕೆಳಗೆ. ಅಧ್ಯಕ್ಷರು ಏಳಲು ಕುರ್ಚಿಯ ಕೈ ಹಿಡಿದರು.

"ಸರ್, ಹಲೂ ನಕಾ!"

ಹೆಂಚಿನ ಭಟ್ಟಿಯವರ ಮಗಳು. ಮನೆಯಲ್ಲಿ ಮರಾಠಿ ಆಡುವ ಹುಡುಗಿ, ಗಡಿಬಿಡಿಯಲ್ಲಿ ಮನೆಮಾತೇ ಬಾಯಿಗೆ ಬಂದಿತ್ತು. ಅಲ್ಲಾಡಬೇಡಿ ಎಂದು ಕೂಗುತ್ತಾ ಓಡಿಬಂದು, ಅಧ್ಯಕ್ಷರ ಕಾಲ ಬಳಿ ಮೊಣಕಾಲೂರಿ, ಧೋತ್ರದಲ್ಲಿ ನೀರು ಏರಿದ ಗಡಿಗೆ ಸರಿಯಾಗಿ ಒಂದು ಪೆನ್ಸಿಲ್ ಗೆರೆ ಎಳೆದಳು. ಮನೆಗೆ ಬೆಂಕಿ ಬಿದ್ದರೂ ಮೊದಲು ಗೆರೆ! ಅಳತೆಕೋಲು ಹಚ್ಚಿ ಬಣ್ಣ ನಡೆದ ದೂರವನ್ನು ನೀರು ನಡೆದ ದೂರದಿಂದ ಭಾಗಿಸಿ ಗಟ್ಟಿಯಾಗಿ ಓದತೊಡಗಿದಳು. ನೀಲಿಯದು ಇಷ್ಟು, ನೇರಳೆಯದು ಇಷ್ಟು.

ಅಧ್ಯಕ್ಷರು ಬಗ್ಗಿ ನೋಡಿಕೊಂಡರು. 

"ಇದು... ನನ್ನ ಶಾಯಿ ಏನು?"

"ಹೌದ್ರಿ ಸರ್. ಶುದ್ಧ ಕರಿ ಅಂದಿದ್ರಿ. ಇದರಾಗ ಕರಿ ಎಲ್ಲೈತಿ ತೋರಸ್ರಿ" ಅಂದಳು. ತಲೆ ತಗ್ಗಿಸಲಿಲ್ಲ. ಅವತ್ತು ನನಗೆ ಆದ ಸಂತೋಷ ಮುಂದೆ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಅಧ್ಯಕ್ಷರು ಮಾನ ಉಳಿಸಿಕೊಳ್ಳಲು ಪರೀಕ್ಷಕರಾದರು. "ಗೆರಿ ಪೆನ್ನಿಲೆ ಯಾಕ ಹಾಕಲಿಲ್ಲ?"

ಹುಡುಗಿ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಪ್ರಿನ್ಸಿಪಾಲರು ಅಂದರು: "ಪೆನ್ನಿನ ಗೆರಿ ಊರ ಬಿಟ್ಟು ಹೋಗ್ತೈತ್ರಿ ಸರ್. ನನ್ನ ಸ್ವಂತ ಅನುಭವ."

ಅಧ್ಯಕ್ಷರು ಹೂಂ ಎಂದು, ಇನ್ನು ಹೊರಡುವುದೇ ಮೇಲೆಂದು ಎದ್ದು ನಿಂತರು. ಹುಡುಗಿ ಮಾತ್ರ ಧೋತ್ರದ ಅಂಚು ಬಿಡಲಿಲ್ಲ. ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದಳು. ಸಿಪಾಯಿ ಆ ಕೈಗೆ ಕತ್ತರಿ ಕೊಟ್ಟ.

"ಏನಿದು?" ಅಧ್ಯಕ್ಷರು ಹೌಹಾರಿದರು.

"ಜರ್ನಲ್‌ಗೆ ಅಂಟಸಬೇಕ್ರಿ ಸರ್. ಅಂಟಸದ ಪ್ರಯೋಗ ನಮ್ಮ ಮೇಡಂ ನೋಡಂಗಿಲ್ರಿ. ಅವರು ನೋಡ್ಲಿಲ್ಲಂದ್ರ ನೀವು ಒಪ್ಪಂಗಿಲ್ಲ, ನೀವು ಒಪ್ಪಲಿಲ್ಲಂದ್ರ ನಮ್ಮಪ್ಪ ಬಿಡಂಗಿಲ್ಲ." ಕತ್ತರಿ ಬಾಯಿ ತೆರೆಯಿತು. "ಒಂದ ಗೇಣ ಸಾಕ್ರಿ."

ಅಧ್ಯಕ್ಷರು ಎರಡೂ ಕೈಯಿಂದ ಧೋತ್ರ ಹಿಡಿದುಕೊಂಡು, ಸಮಿತಿಯವರೂ ಪ್ರಿನ್ಸಿಪಾಲರೂ ಇಡೀ ಖಾನಾಪುರವೂ ಕೇಳುವ ಹಾಗೆ ಕೂಗಿದರು:

"ಒಪ್ಪೇನವಾ, ಒಪ್ಪೇನಿ! ವಿಜ್ಞಾನಾನೂ ಖಾನಾಪುರದಾಗ ಇರ್ಲಿ, ಧೋತ್ರಾನೂ ನನ್ನ ಮೈಮ್ಯಾಲ ಇರ್ಲಿ!"